ಸೊಪ್ಪಿನ ಬೆಟ್ಟ

ಉತ್ತರ ಕನ್ನಡ, ಶಿವಮೊಗ್ಗ ಸೀಮೆಗಳ ಅಡಿಕೆ ಬೆಳೆಗಾರರು ತೋಟದ ಗೊಬ್ಬರಕ್ಕಾಗಿ ಸೊಪ್ಪು ತರುವ ಸವಲತ್ತು ಪಡೆದಿರುವ ಕಾಡಿನ ನೆಲಕ್ಕೆ ‘ಸೊಪ್ಪಿನ ಬೆಟ್ಟ’ ಎಂದು ಹೆಸರು. ಇಲ್ಲಿ ‘ಬೆಟ್ಟ’ ಎಂಬುದು ಎತ್ತರಕ್ಕಿಂತ ಬಳಕೆಯನ್ನು ಸೂಚಿಸುವುದರಿಂದ ಸಮತಟ್ಟಾದ ನೆಲವೂ ಬೆಟ್ಟವೆನಿಸಿಕೊಳ್ಳುತ್ತದೆ. ಸವರಿ ತಂದ ಹಸಿಸೊಪ್ಪನ್ನೂ, ಗುಡಿಸಿ ತಂದ ದರಕನ್ನೂ, ಅಂದರೆ ಉದುರಿದ ಒಣ ಎಲೆಯನ್ನೂ, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಸಗಣಿ ಗಂಜಲದೊಡನೆ ಕೊಳೆಯಿಸಿ ಮರದ ಬುಡಕ್ಕೆ ಕೊಡುವ ಈ ಪದ್ಧತಿಯಲ್ಲಿ ಕಾಡು, ಕೊಟ್ಟಿಗೆ, ತೋಟ ಮೂರೂ ಒಂದೇ ಬೇಸಾಯದ ಅಂಗಗಳು.

1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 79ನೆಯ ಪ್ರಕರಣವು ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಎಂಬ ಇಂಥವೇ ನೆಲಗಳ ಸವಲತ್ತುಗಳ ಜೊತೆಗೆ ಈ ಸವಲತ್ತನ್ನೂ ಉಳಿಸಿತು. ಬೆಟ್ಟದಲ್ಲಿ ರೈತನಿಗಿರುವುದು ಬಳಕೆಯ ಹಕ್ಕೇ ಹೊರತು ಒಡೆತನವಲ್ಲ.

ಪರಿಸರ ಅರ್ಥಶಾಸ್ತ್ರಕ್ಕೆ ಈ ಪದ ಮುಖ್ಯವಾಗುವುದು ಬೆಲೆ ಕಟ್ಟುವ ಪ್ರಶ್ನೆಯಲ್ಲಿ. ಮನೆಯವರೇ ಹೊತ್ತು ತರುವ ಸೊಪ್ಪಿಗೆ ಪೇಟೆಯ ಧಾರಣೆ ಇಲ್ಲದ್ದರಿಂದ ಅಡಿಕೆಯ ಉತ್ಪಾದನಾ ವೆಚ್ಚದಲ್ಲಿ ಕಾಡಿನ ಪಾಲು ಕಾಣದೇ ಹೋಗುವ ಸಂಭವ ಹೆಚ್ಚು. ಅಷ್ಟೇ ಪೋಷಕಾಂಶವನ್ನು ಕೊಂಡ ಗೊಬ್ಬರದಿಂದ ಒದಗಿಸಲು ಎಷ್ಟು ಹಣ ಬೇಕೆಂದು ಲೆಕ್ಕ ಹಾಕುವ ಬದಲಿ ವೆಚ್ಚದ ವಿಧಾನ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತದೆಯಾದರೂ, ಬೆಟ್ಟದ ಬುಡದಲ್ಲಿರುವ ತೋಟಕ್ಕೆ ಬೇಸಿಗೆಯಲ್ಲಿ ಜಿನುಗುವ ನೀರು ಆ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಅತಿಯಾಗಿ ಸವರಿ ಬೋಳಾದ ಬೆಟ್ಟದ ನಷ್ಟವೂ ಹಾಗೆಯೇ ಯಾರ ಖರ್ಚಿನಲ್ಲೂ ಸೇರುವುದಿಲ್ಲ.