ದನಕ್ಕೂ ಮಂದಿಗೂ ಒಂದೇ ಸೂರು

ನಮ್ಮ ಕಡೆ ಹೊಲದಾಗ ಮನಿ ಕಟ್ಟೋರು ಈಗ ಶೆಡ್ ಮಾದರಿ ಕೇಳಾಕತ್ತಾರ. ಎತ್ತರದ ತಗಡಿನ ಚಾವಣಿ, ನಡುವೆ ಗೋಡೆ ಇಲ್ಲದ ಒಂದೇ ದೊಡ್ಡ ಹಾಲ್, ಟ್ರ್ಯಾಕ್ಟರ್ ಹೋಗೋವಷ್ಟು ಬಾಗಿಲು. ಮೊಬೈಲ್‌ನಾಗ ಅಮೆರಿಕದ ‘ಬಾರ್ನ್ ಹೌಸ್’ ನೋಡಿ ಹುಟ್ಟಿದ ಆಸೆ. ಆಸೆ ತಪ್ಪಲ್ಲ. ಆದ್ರ ಪಾಯ ತೆಗೆಯೋ ಮೊದಲು ಇಂಥ ಮನಿ ಎಲ್ಲಿಂದ ಬಂತು ಅನ್ನೋದು ತಿಳಿದಿರಲಿ.

ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿ ಬಯಲಿನ ರೈತರು ನೂರಾರು ವರ್ಷ ದನಗಳ ಜೊತೆ ಒಂದೇ ಸೂರಿನಡಿ ಬಾಳಿದರು. ಓಕ್ ಮರದ ಎರಡು ಸಾಲು ಕಂಬಗಳೇ ಚಾವಣಿ ಹೊರುತ್ತಿದ್ದವು. ಬಂಡಿ ಒಳಗೆ ಬರುವಷ್ಟು ದೊಡ್ಡ ಬಾಗಿಲು. ನಡುವೆ ರಾಶಿ ಬಡಿಯುವ ಜಾಗ. ಎರಡೂ ಬದಿಗೆ ದನ, ಕುದುರೆ. ಅಟ್ಟದ ಮೇಲೆ ಬೆಳೆ, ಮೇವು. ಕೊನೆಗೆ ಒಲೆ ಮತ್ತು ಮನೆಮಂದಿ. ಚಿಮಣಿ ಇರಲಿಲ್ಲ. ಹೊಗೆ ಅಟ್ಟಕ್ಕೇರಿ ಕಾಳು ಒಣಗಿಸ್ತಿತ್ತು, ಹುಳ ಓಡಿಸ್ತಿತ್ತು. 18ನೇ ಶತಮಾನದಾಗ ಓಸ್ನಾಬ್ರುಕ್‌ನ ಲೇಖಕ ಯುಸ್ಟುಸ್ ಮ್ಯೋಸರ್ ಈ ಮನಿ ಹೊಗಳಿ ಬರೆದ: ಒಲೆ ಮುಂದೆ ಕೂತ ಮನೆಯೊಡತಿ ಏಳದೆಯೇ ಮಕ್ಕಳು, ಆಳುಗಳು, ದನ, ಬಾಗಿಲು ಎಲ್ಲದರ ಮೇಲೂ ಕಣ್ಣಿಡಬಹುದು ಅಂತ. ಆದ್ರ ಕಣ್ಣುರಿ, ಮೇವಿಗೆ ಕಿಡಿ ಬೀಳೋ ಭಯ, ಇವೂ ಅದೇ ಸೂರಿನಡಿ ಇದ್ದವು.

ಇದು ನಮಗೇನು ಹೊಸದಲ್ಲ. ನಮ್ಮ ಬಯಲುಸೀಮೆಯ ಹಳೇ ಮನಿಯೂ ಹಿಂಗ. ತಲೆಬಾಗಿಲು ದಾಟಿದ ಕೂಡಲೇ ಗ್ವಾದಲಿ, ಎತ್ತು, ಆಕಳು. ಅದಕ್ಕಿಂತ ಎತ್ತರದಾಗ ಪಡಸಾಲಿ, ಒಳಗ ಅಡಗಿಮನಿ. ಕಂಬ, ತೊಲಿ, ಜಂತಿ, ಮ್ಯಾಲ ಮಣ್ಣಿನ ಮಾಳಗಿ, ಅದರಾಗ ಬೆಳಕಿಂಡಿ. ಅಳತಿ ಅಂಕಣದ ಲೆಕ್ಕ. ದನ ತಗ್ಗಿನಾಗ ಇದ್ದದ್ದು ಕೀಳು ಅಂತಲ್ಲ, ಗಂಜಲ ಪಡಸಾಲಿಗೆ ಹರೀಬಾರದು ಅಂತ. ರಾತ್ರಿ ಕೊರಳ ಗಂಟಿಯ ಸಪ್ಪಳ ಬದಲಾದ್ರ ಮಲಗಿದವರಿಗೆ ಗೊತ್ತಾಗ್ತಿತ್ತು.

ಅಮೆರಿಕದ ಕಥಿ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಮನಿ ಬ್ಯಾರೆ, ಕೊಟ್ಟಿಗಿ ಬ್ಯಾರೆ. 1930ರ ದಶಕದಾಗ ಪಾಯ ಇಲ್ಲದೆ ಕಂಬಗಳನ್ನ ನೇರ ನೆಲಕ್ಕ ಹುಗಿದು ತಗಡು ಹೊದಿಸೋ ಅಗ್ಗದ ಕೊಟ್ಟಿಗಿ ಬಂತು. ಮುಂದೆ 1989ರ ಹೊತ್ತಿಗೆ ಕನೆಕ್ಟಿಕಟ್‌ನ ಒಬ್ಬ ರಿಯಲ್ ಎಸ್ಟೇಟ್ ಉದ್ಯಮಿಯಿಂದ ‘ಬಾರ್ನ್‌ಡೊಮಿನಿಯಂ’ ಅನ್ನೋ ಹೆಸರು ಹುಟ್ಟಿತು. ನಮ್ಮಲ್ಲಿ ಮನಿಯೊಳಗ ದನಕ್ಕೆ ಜಾಗ ಕೊಟ್ರು. ಅಲ್ಲಿ ಕೊಟ್ಟಿಗಿಯೊಳಗ ಮನುಷ್ಯ ಬಂದ.

ವ್ಯತ್ಯಾಸ ಇಲ್ಲೇ ಐತಿ. ಆ ತಗಡು ಯಂತ್ರ, ಮೇವು ಕಾಯೋಕೆ ಹುಟ್ಟಿದ್ದು. ನಮ್ಮ ಏಪ್ರಿಲ್ ಬಿಸಿಲಿಗೆ ಬರೀ ತಗಡಿನ ಕೆಳಗ ಮಂದಿನೂ ಬೇಯ್ತಾರ, ಆಕಳೂ ಬೇಯ್ತಾವ. ಕಟ್ಟೋದಾದ್ರ ತಗಡಿನ ಕೆಳಗ ಇನ್ನೊಂದು ಪದರ ಹಾಕ್ರಿ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಾಕ ಕಿಂಡಿ ಬಿಡ್ರಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸೋದ್ರಿಂದ ದನದ ಕಡೆ ಮೂಡಣಕ್ಕಿರಲಿ, ನೆಲ ಒಂದೆರಡು ಅಡಿ ತಗ್ಗಿರಲಿ. ಮೇವು ಒಲೆಯಿಂದ ದೂರ ಇರಲಿ.

ಮುಖ್ಯ ಮಾತು ಇನ್ನೊಂದು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಗ್ವಾದಲಿ ಜಾಗದಾಗ ಬೈಕ್ ನಿಂತಾವ. ಹೊಸ ಮನಿಯ ನಕ್ಷೆಯೊಳಗೂ ಆಕಳಿಗೆ ಜಾಗ ಇಲ್ಲದಿದ್ರ, ನಮ್ಮ ಮಕ್ಕಳು ಗೊಬ್ಬರಕ್ಕೂ ಹಾಲಿಗೂ ಅಂಗಡಿಯನ್ನೇ ನಂಬಬೇಕಾದೀತು. ಹಳೇ ಮನಿ ಕೆಡವಿ ತೊಲಿ, ಜಂತಿ ಮಾರೋ ಮುಂಚೆ ಒಂದ್ಸಲ ಟೇಪ್ ಹಿಡಿದು ಅಳೀರಿ. ಗ್ವಾದಲಿ ಎಷ್ಟು ಎತ್ತರ, ಪಡಸಾಲಿ ಎಷ್ಟು ಮ್ಯಾಲ, ಬೆಳಕಿಂಡಿ ಎಲ್ಲಿ. ಆ ಲೆಕ್ಕ ಹಾಕಿದವರಿಗೆ ಈ ನೆಲದ ಬಿಸಿಲು, ಗಾಳಿ ಗೊತ್ತಿತ್ತು.