ತೆಳ್ಳಗಿನವರ ಮಧುಮೇಹ: ಬಸಿರಿನತ್ತ ಹೊರಳಿದ ಸಂಶೋಧನೆ

ಸಕ್ಕರೆ ಕಾಯಿಲೆ ಎಂದರೆ ದಪ್ಪಗಿರುವವರ, ಸಿಹಿ ತಿನ್ನುವವರ, ಕೂತು ಉಣ್ಣುವವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಹೊಟ್ಟೆ ತುಂಬ ಉಣ್ಣದವರೂ ಬಿಸಿಲಲ್ಲಿ ಮೈ ಮುರಿದು ದುಡಿಯುವವರೂ ಇದ್ದಾರೆ. ಅವರಿಗೇಕೆ ಈ ಕಾಯಿಲೆ ಎಂಬ ಪ್ರಶ್ನೆ ಸಂಶೋಧಕರನ್ನು ಹಿಂದೆ ಹಿಂದೆ ಕರೆದೊಯ್ದು ಕೊನೆಗೆ ತಾಯಿಯ ಬಸಿರಿನ ಮುಂದೆ ನಿಲ್ಲಿಸಿದೆ.

ಮೊದಲು ಬೆರಳು ತೋರಿದ್ದು ವಂಶವಾಹಿಗಳ ಕಡೆಗೆ. ಬರಗಾಲದಲ್ಲಿ ಬದುಕುಳಿಯಲು ನೆರವಾದ ಜೀನುಗಳೇ ಸುಭಿಕ್ಷದ ಕಾಲದಲ್ಲಿ ಮುಳುವಾಗುತ್ತವೆ ಎಂದು 1962ರಲ್ಲಿ ತಳಿವಿಜ್ಞಾನಿ ಜೇಮ್ಸ್ ನೀಲ್ ವಾದಿಸಿದರು. ಮೂರು ದಶಕಗಳ ನಂತರ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ನಿಕೊಲಸ್ ಹೇಲ್ಸ್ ಬೇರೆಯದೇ ಮಾತು ಹೇಳಿದರು. ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದ ಸೂಲಗಿತ್ತಿಯರೂ ಆರೋಗ್ಯ ಸಂದರ್ಶಕಿಯರೂ ಇಪ್ಪತ್ತನೇ ಶತಮಾನದ ಆರಂಭದಿಂದ ಕೂಸುಗಳ ತೂಕ ಬರೆದಿಟ್ಟ ಲೆಡ್ಜರುಗಳು ಅವರ ಕೈಗೆ ಸಿಕ್ಕಿದ್ದವು. ಆ ಕೂಸುಗಳು ಬೆಳೆದು ಅರವತ್ತು ದಾಟಿದಾಗ ಅವರ ರಕ್ತ ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲೇ ಸಕ್ಕರೆಯ ತೊಂದರೆ ಹೆಚ್ಚು. ಗರ್ಭದಲ್ಲಿ ಆಹಾರ ಸಾಲದಾದಾಗ ಭ್ರೂಣ ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಅದರ ಬೆಲೆಯನ್ನು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಮತ್ತು ಸ್ನಾಯುಗಳು ತೆರುತ್ತವೆ ಎಂಬುದು 1992ರಲ್ಲಿ ಅವರು ಮುಂದಿಟ್ಟ ವಿವರಣೆ.

ಇಂಗ್ಲೆಂಡಿನ ಲೆಕ್ಕ ನಮ್ಮಲ್ಲಿಯೂ ಸರಿಹೊಂದುತ್ತದೆಯೇ? ಉತ್ತರ ಹುಡುಕಲು ಒದಗಿಬಂದದ್ದು ಮೈಸೂರು. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ದಾಖಲೆಗಳಲ್ಲಿ 1934ರಿಂದಲೂ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ನಮೂದಾಗಿದ್ದವು. ಬಸುರಿಯ ತೂಕವೂ ಅಲ್ಲಿತ್ತು. ಮುಂದೊಂದು ದಿನ ಇದು ವಿಜ್ಞಾನಕ್ಕೆ ಬೇಕಾದೀತು ಎಂದು ಬರೆದವರು ಎಣಿಸಿರಲಾರರು. ದಿನನಿತ್ಯದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಆ ದಾದಿಯರಿಗೆ ಈ ವಿಜ್ಞಾನ ಋಣಿಯಾಗಿರಬೇಕು. 1954ರವರೆಗೆ ಅಲ್ಲಿ ಹುಟ್ಟಿ, ಊರಲ್ಲೇ ಉಳಿದವರನ್ನು ಹುಡುಕಿ 517 ಮಂದಿಯ ಹೃದಯ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮತ್ತು ಮೇಲ್ಪಟ್ಟವರಲ್ಲಿ ಅದು ಶೇ 3 ಮಾತ್ರ. ತಾಯಿಯೂ ಕೃಶ, ಕೂಸೂ ಕೃಶವಾಗಿದ್ದ ಕಡೆ ಪ್ರಮಾಣ ಶೇ 20ಕ್ಕೆ ಏರಿತ್ತು. ಇದು ಪ್ರಕಟವಾದದ್ದು 1996ರಲ್ಲಿ.

ಮಧುಮೇಹದ ಲೆಕ್ಕ ಮಾತ್ರ ಹಾಗೆ ಬರಲಿಲ್ಲ, ಮತ್ತು ಮೈಸೂರಿನ ಅಧ್ಯಯನದ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಕಡಿಮೆ ತೂಕದವರಲ್ಲಲ್ಲ, ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ಗುಂಡಗಿದ್ದವರಲ್ಲಿ, ತಾಯಿ ತುಸು ಹೆಚ್ಚು ತೂಕವಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲೇ ಸಕ್ಕರೆ ಏರಿತ್ತೇ? ಇದನ್ನು ಒರೆಗೆ ಹಚ್ಚಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸುರಿಯರ ಸಕ್ಕರೆ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಗರ್ಭಧಾರಣೆಯ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿದ್ದವು. ಆ ಹುಡುಗಿಯರು ಮುಂದೆ ತಾಯಂದಿರಾಗುವವರು. ಒಂದು ತಲೆಮಾರು ತನ್ನ ಸಕ್ಕರೆಯನ್ನು ಮುಂದಿನದಕ್ಕೆ ದಾಟಿಸುವ ದಾರಿ ಇದು. ಜೀನುಗಳ ಪಾತ್ರವಿದ್ದರೂ ಎಲ್ಲವನ್ನೂ ಅವುಗಳ ತಲೆಗೆ ಕಟ್ಟುವಂತಿಲ್ಲ.

ಇದೇ ಹೊತ್ತಿಗೆ ಪುಣೆಯಲ್ಲಿ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಅಭ್ಯಸಿಸುತ್ತಿದ್ದರು. ಅಲ್ಲಿನ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5. ಪುಣೆಯ ಕೂಸಿಗೆ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಾಂಗಗಳೂ ಚಿಕ್ಕವು. ಕೊಬ್ಬು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ದೊಡ್ಡವರಲ್ಲೂ ಇದು ಮುಂದುವರಿಯುತ್ತದೆ ಎಂದು ತೋರಿಸಲು ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಅಳೆಸಿಕೊಂಡರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರದೊಂದಿಗೆ 2004ರಲ್ಲಿ ಪ್ರಕಟವಾದ ಆ ಒಂದೇ ಪುಟದ ಬರಹ, ತೂಕದ ಯಂತ್ರವನ್ನಷ್ಟೇ ನಂಬಬೇಡಿ ಎಂದು ವೈದ್ಯರಿಗೆ ಮನಗಾಣಿಸಿತು. ತಾಯಿಯಲ್ಲಿ ಫೋಲೇಟ್ ಜೀವಸತ್ವ ಹೆಚ್ಚಿದ್ದು ಬಿ12 ಕಡಿಮೆಯಿದ್ದರೆ ಮಗುವಿನಲ್ಲಿ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ಹೆಚ್ಚು ಎಂಬುದೂ ಪುಣೆಯ ಮಕ್ಕಳಿಂದಲೇ ತಿಳಿಯಿತು.

ಬೇರೆ ದೇಶಗಳ ಇತಿಹಾಸವೂ ಸಾಕ್ಷಿ ನುಡಿದಿದೆ. 1944-45ರ ಡಚ್ ಕ್ಷಾಮದಲ್ಲಿ ಗರ್ಭದಲ್ಲಿದ್ದವರಿಗೆ ನಡುವಯಸ್ಸಿನಲ್ಲಿ ಸಕ್ಕರೆಯ ಏರುಪೇರು ಕಾಡಿತು. ಬ್ರಿಟನ್ನಿನಲ್ಲಿ ಸಕ್ಕರೆಯ ಮೇಲಿದ್ದ ಪಡಿತರ ಮಿತಿ 1953ರಲ್ಲಿ ಮುಗಿಯಿತು. ಅದಕ್ಕೂ ಮುಂಚೆ ಬಸಿರಿನಲ್ಲೂ ಶೈಶವದಲ್ಲೂ ಮಿತ ಸಕ್ಕರೆಯಲ್ಲೇ ಬೆಳೆದವರಿಗೆ ಮಧುಮೇಹದ ಅಪಾಯ ಸುಮಾರು ಶೇ 35ರಷ್ಟು ಕಡಿಮೆ ಎಂದು 2024ರ ಅಧ್ಯಯನವೊಂದು ಕಂಡುಕೊಂಡಿತು.

ಕಾರಣ ತಿಳಿದ ಮೇಲೆ ತಡೆಯಬಹುದೇ? ಮುಂಬಯಿಯ ಕೊಳೆಗೇರಿಗಳಲ್ಲಿ ಗರ್ಭ ಧರಿಸುವ ಮೊದಲಿನಿಂದಲೇ ಹೆಂಗಸರಿಗೆ ದಿನವೂ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ ಕೊಟ್ಟು ನೋಡಿದರು. ಒಟ್ಟಾರೆಯಾಗಿ ಕೂಸುಗಳ ತೂಕ ನಿರೀಕ್ಷೆಯಂತೆ ಏರಲಿಲ್ಲ. ಆದರೆ ಗರ್ಭಧಾರಣೆಯ ಮಧುಮೇಹ ಶೇ 12.4ರ ಬದಲು ಶೇ 7.3ಕ್ಕೆ ಇಳಿಯಿತು. ಔಷಧವಿಲ್ಲದೆ, ಮಾಮೂಲಿ ಆಹಾರದಿಂದ ಇಷ್ಟಾಗಿದೆ. ನಮ್ಮ ಯೋಜನೆಗಳು ಹೆಣ್ಣುಮಗಳನ್ನು ಗಮನಿಸುವುದು ಹೆಚ್ಚಾಗಿ ಬಸುರಿಯೆಂದು ತಾಯಿ ಕಾರ್ಡಿನಲ್ಲಿ ಹೆಸರು ಬಿದ್ದ ಮೇಲೆ. ಆ ಹೊತ್ತಿಗೆ ಭ್ರೂಣದ ಮುಖ್ಯ ಅಂಗಗಳು ರೂಪುಗೊಳ್ಳಲು ತೊಡಗಿರುತ್ತವೆ.

ಕ್ಷೇತ್ರದ ಈಚಿನ ತಿರುವು ಹಳೆಯ ಅನ್ಯಾಯವೊಂದನ್ನು ಸರಿಪಡಿಸುತ್ತಿದೆ. ಅಪೌಷ್ಟಿಕತೆಯಿಂದ ಬರುವ ಮಧುಮೇಹವನ್ನು 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರತ್ಯೇಕವಾಗಿ ಗುರುತಿಸಿತ್ತು. ಪುರಾವೆ ಸಾಲದೆಂದು 1999ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನಿಹಾಲ್ ಥಾಮಸ್ ಮತ್ತು ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ತಂಡ 2022ರಲ್ಲಿ ತೋರಿಸಿದ್ದೇನೆಂದರೆ, ಇಂಥ ರೋಗಿಗಳ ದೇಹ ಇನ್ಸುಲಿನ್ನಿಗೆ ಚೆನ್ನಾಗಿಯೇ ಸ್ಪಂದಿಸುತ್ತದೆ. ಕೊರತೆಯಿರುವುದು ಅದರ ಸ್ರವಿಕೆಯಲ್ಲಿ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಮಧುಮೇಹದ ಐದನೇ ಬಗೆಯೆಂದು (ಟೈಪ್ 5) ಒಪ್ಪಿಕೊಂಡಿತು. ಇಂಥ ರೋಗಿಗಳನ್ನು ಮೊದಲ ಬಗೆಯವರೆಂದು (ಟೈಪ್ 1) ತಿಳಿದು ಇನ್ಸುಲಿನ್ ಹೆಚ್ಚು ಕೊಟ್ಟರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ರಾತ್ರಿ ಊಟ ಖಾತ್ರಿಯಿಲ್ಲದ ಮನೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ರೋಗವನ್ನು ಗುರುತಿಸುವ ಮಾನದಂಡ ಮತ್ತು ಚಿಕಿತ್ಸೆಯ ಕ್ರಮಗಳನ್ನು ರೂಪಿಸುವ ಹೊಣೆಯನ್ನು ಒಕ್ಕೂಟ ತಜ್ಞರ ತಂಡವೊಂದಕ್ಕೆ ವಹಿಸಿದೆ.