ಅಮರಾವತಿ: ಯೋಜಿತ ನಗರವೊಂದರ ಭರವಸೆ ಮತ್ತು ಭೀತಿ

ಕೃಷ್ಣಾ ನದಿಯ ದಕ್ಷಿಣ ತೀರದ ಅಮರಾವತಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಸಾತವಾಹನರ ಕಾಲದ ಧಾನ್ಯಕಟಕದ ಮಹಾಸ್ತೂಪವಿದ್ದುದು ಅಲ್ಲಿಯೇ. ವರ್ತಕರು, ಗೃಹಿಣಿಯರು, ಭಿಕ್ಷುಣಿಯರು, ಚರ್ಮಕಾರನೊಬ್ಬನ ಕುಟುಂಬ, ಇವರೆಲ್ಲರ ದಾನಗಳನ್ನು ಅದರ ಶಿಲಾಫಲಕಗಳು ಹೆಸರಿಸುತ್ತವೆ. ಆ ಊರಿಗೆ ಪೂರ್ವದಲ್ಲಿ, ಅದೇ ಹೆಸರಿನಲ್ಲಿ ಉದಯಿಸಿದ ಹೊಸ ರಾಜಧಾನಿಗೆ ಕೊಟ್ಟವರು ಯಾರು, ಕೊಟ್ಟುದಕ್ಕೆ ಪಡೆದುದೇನು ಎಂಬುದನ್ನು ನಾವು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

೨೦೧೪ರ ಜೂನ್ ೨ರಂದು ತೆಲಂಗಾಣವು ಪ್ರತ್ಯೇಕ ರಾಜ್ಯವಾಯಿತು. ಹೈದರಾಬಾದು ಹತ್ತು ವರ್ಷಗಳಿಗೆ ಮೀರದ ಅವಧಿಗೆ ಮಾತ್ರ ಉಭಯ ರಾಜ್ಯಗಳ ರಾಜಧಾನಿಯಾದುದರಿಂದ, ಆಂಧ್ರಕ್ಕೆ ಹೊಸ ರಾಜಧಾನಿ ಅನಿವಾರ್ಯವಾಯಿತು. ವಿಜಯವಾಡ-ಗುಂಟೂರು ಪ್ರದೇಶದ ಫಲವತ್ತಾದ ನೆಲದಲ್ಲಿ ಒಂದೇ ಮಹಾನಗರವನ್ನು ಕಟ್ಟುವುದು ಉಚಿತವಲ್ಲವೆಂದೂ ಆಡಳಿತವನ್ನು ಹಂಚುವುದೇ ಲೇಸೆಂದೂ ಶಿವರಾಮಕೃಷ್ಣನ್ ಸಮಿತಿಯು ಎಚ್ಚರಿಸಿತು. ರಾಜ್ಯ ಸರ್ಕಾರವು ಅದನ್ನು ಮನ್ನಿಸಲಿಲ್ಲ. ಸಿಂಗಪುರದ ತಜ್ಞರು ೨೧೭ ಚದರ ಕಿಲೋಮೀಟರುಗಳ ನಗರಕ್ಕೆ ನಕ್ಷೆ ರಚಿಸಿದರು. ೨೦೧೫ರ ಅಕ್ಟೋಬರ್ ೨೨ರಂದು ಶಂಕುಸ್ಥಾಪನೆ ನಡೆಯಿತು. ೨೦೧೭ರಲ್ಲಿ ಅಮರಾವತಿಯು ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಪಟ್ಟಿಗೂ ಸೇರಿತು.

ಈ ಯೋಜನೆಯ ಆಕರ್ಷಣೆಯನ್ನು ಅಲ್ಲಗಳೆಯಲಾಗದು. ಹಳೆಯ ನಗರಗಳಲ್ಲಿ ನೀರಿನ ಕೊಳವೆಗಾಗಿ ಒಮ್ಮೆ, ವಿದ್ಯುತ್ತಿಗಾಗಿ ಮತ್ತೊಮ್ಮೆ ಬೀದಿಯನ್ನು ಅಗೆಯಬೇಕಾಗುತ್ತದೆ. ಬಯಲಿನಲ್ಲಿ ಕಟ್ಟುವ ಊರಿನಲ್ಲಾದರೋ ಕೊಳವೆ, ಚರಂಡಿ, ತಂತಿಗಳೆಲ್ಲವನ್ನೂ ಮೊದಲೇ ನೆಲದಡಿಯಲ್ಲಿ ಹಾಸಬಹುದು. ಆದರೆ ಬಯಲೆಂದು ನಕ್ಷೆ ತೋರಿಸಿದ ಆ ನೆಲ ಬರಿದಾಗಿರಲಿಲ್ಲ. ಅಲ್ಲಿ ಊರುಗಳಿದ್ದುವು, ಬೆಳೆಯಿತ್ತು.

ಭೂಸ್ವಾಧೀನಕ್ಕೆ ಬದಲಾಗಿ ‘ಲ್ಯಾಂಡ್ ಪೂಲಿಂಗ್’ ಎಂಬ ಕ್ರಮವನ್ನು ಸರ್ಕಾರವು ಅನುಸರಿಸಿತು. ೨೫,೦೦೦ಕ್ಕೂ ಮಿಕ್ಕ ರೈತರು ೩೩,೦೦೦ ಎಕರೆಗೂ ಹೆಚ್ಚು ಭೂಮಿಯನ್ನು ಒಪ್ಪಿಸಿದರು. ಪ್ರತಿಯಾಗಿ ಅವರಿಗೆ ಹತ್ತು ವರ್ಷಗಳ ವರ್ಷಾಶನವೂ, ಅಭಿವೃದ್ಧಿಪಡಿಸಿದ ನಿವೇಶನಗಳೂ ವಾಗ್ದತ್ತವಾದುವು. ಭೂಹೀನ ಕುಟುಂಬಕ್ಕೆ ಗೊತ್ತಾದುದು ತಿಂಗಳಿಗೆ ೨,೫೦೦ ರೂಪಾಯಿ ಮಾತ್ರ. ರೈತನು ಹೀಗೆ ನಗರದ ಪಾಲುದಾರನಾದನು. ನಗರವು ನಿಂತರೆ ಅವನ ಪಾಲೂ ನಿಲ್ಲುವಂತಾಯಿತು.

ಆದುದೂ ಹಾಗೆಯೇ. ೨೦೧೯ರಲ್ಲಿ ಸರ್ಕಾರ ಬದಲಾಯಿತು. ವಿಶ್ವಬ್ಯಾಂಕಿನ ಸಾಲದ ಪ್ರಸ್ತಾವ ಕೈಬಿಟ್ಟುಹೋಯಿತು. ಸಿಂಗಪುರದ ಸಂಸ್ಥೆಗಳೊಡನೆ ಆಗಿದ್ದ ಒಪ್ಪಂದ ರದ್ದಾಯಿತು. ಮೂರು ರಾಜಧಾನಿಗಳ ಆಲೋಚನೆ ಮುಂದೆ ಬಂದಿತು. ಡಿಸೆಂಬರಿನಿಂದ ರೈತರು, ವಿಶೇಷವಾಗಿ ಹೆಣ್ಣುಮಕ್ಕಳು, ಧರಣಿ ಕುಳಿತರು. ೨೦೨೨ರ ಮಾರ್ಚ್ ೩ರಂದು ಉಚ್ಚ ನ್ಯಾಯಾಲಯವು ಅವರಿಗೆ ನಿವೇಶನಗಳನ್ನು ಒಪ್ಪಿಸಬೇಕೆಂದು ವಿಧಿಸಿ ಗಡುವುಗಳನ್ನು ಗೊತ್ತುಪಡಿಸಿತು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಡುವುಗಳನ್ನು ತಡೆಹಿಡಿಯಿತು. ೨೦೨೪ರಲ್ಲಿ ಸರ್ಕಾರ ಮತ್ತೆ ಬದಲಾಗಿ, ೨೦೨೫ರ ಮೇ ೨ರಂದು ಕಾಮಗಾರಿಗಳಿಗೆ ಪುನಃ ಚಾಲನೆ ದೊರೆಯಿತು.

ಇದರಿಂದ ಯೋಜಿತ ನಗರವೇ ಬೇಡವೆಂದು ನಾವು ಹೇಳುವುದಿಲ್ಲ. ನಗರ ಕಟ್ಟಲು ಹಲವು ದಶಕಗಳು ಬೇಕು. ಸರ್ಕಾರದ ಅವಧಿ ಐದು ವರ್ಷ. ಈ ಅಂತರವನ್ನು ಯಾವ ಯಂತ್ರಜಾಣ್ಮೆಯೂ ತುಂಬಲಾರದು. ಸರ್ಕಾರ ಬದಲಾದರೂ ಬದಲಾಗದ ವಚನವೊಂದೇ ತುಂಬಬಲ್ಲುದು. ಧಾನ್ಯಕಟಕದಲ್ಲಿ ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯಿತು. ಹೊಸ ಅಮರಾವತಿಯಲ್ಲಿ ಕೊಟ್ಟವರಿಗೆ ಸಲ್ಲಬೇಕಾದುದು ಹೆಸರಲ್ಲ, ನಿವೇಶನ. ಅದು ಸಲ್ಲುವವರೆಗೆ ಆ ನಗರದ ಚರಿತ್ರೆಯು ಅಪೂರ್ಣವೆಂದೇ ನಮ್ಮ ಅಭಿಪ್ರಾಯ.